ಕೆರೆಯಂಗಳಕ್ಕೊಂದು ಅಡಿಪಟ್ಟಿ

ಪ್ರತಿ ಬೇಸಿಗೆಗೂ ನಮ್ಮ ಪತ್ರಿಕೆಗಳಲ್ಲಿ ಒಂದು ಚಿತ್ರ ತಪ್ಪದೆ ಬರುತ್ತದೆ. ಒಣಗಿದ ಕೆರೆ, ಬಾಯಿಬಿಟ್ಟ ನೆಲ, ನಡುವೆ ಹಣೆಗೆ ಕೈಹಚ್ಚಿ ಕುಕ್ಕರುಗಾಲಲ್ಲಿ ಕೂತ ರೈತ. ಅಡಿಬರಹದಲ್ಲಿ ಚಳ್ಳಕೆರೆಯ ಹೆಸರೋ ಮೊಳಕಾಲ್ಮೂರಿನ ಹೆಸರೋ ಇದ್ದರೆ ಯಾರಿಗೂ ಆಶ್ಚರ್ಯವಾಗದು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿನಲ್ಲಿ ಎರಡೂ ಇವೆ. ಚಿತ್ರ ನೋಡಿದವರು ರೈತನ ಮುಖ ನೋಡುತ್ತಾರೆ, ನೋಡಬೇಕಾದದ್ದೇ. ಆದರೆ ಅವನ ಕಾಲ ಕೆಳಗೂ ಒಂದು ಪ್ರಶ್ನೆ ಬಿದ್ದಿರುತ್ತದೆ. ನೆಲ ಬಿರಿಯಿತು, ಸರಿ. ಗೇಣಗಲದ ತುಂಡುಗಳಾಗಿಯೇ ಏಕೆ ಬಿರಿಯಿತು? ಬೆರಳಗಲ ಏಕಾಗಲಿಲ್ಲ? ಮಾರಗಲ ಏಕಾಗಲಿಲ್ಲ?

ಪ್ರಕೃತಿಯ ಚಿತ್ತಾರಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಆಕಾರದ ಬೆನ್ನು ಹತ್ತುತ್ತಾರೆ. ಜೇನುಗೂಡಿನ ಷಟ್ಕೋನ, ಶಂಖದ ಸುರುಳಿ, ಸೂರ್ಯಕಾಂತಿಯ ಬೀಜಗಳ ಸಾಲು ಎಂದು ಬೆರಗು ಪಟ್ಟು ಮುಗಿಸುತ್ತಾರೆ. ನನಗೆ ಅದಕ್ಕಿಂತ ಈ ಅಗಲದ ಪ್ರಶ್ನೆಯಲ್ಲಿ ಹೆಚ್ಚು ಸತ್ವ ಕಾಣುತ್ತದೆ. ಆಕಾರ ಯಾರದ್ದು ಬೇಕಾದರೂ ಯಾರಿಗೆ ಬೇಕಾದರೂ ಇರಬಹುದು. ಅಗಲ ಮಾತ್ರ ಆ ವಸ್ತುವಿನ ಒಳಗುಟ್ಟು ಹೇಳುತ್ತದೆ.

ಇದನ್ನು ಪರೀಕ್ಷಿಸಲು ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತಲಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಪಕ್ಕದ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿ ಐದು ಕೆರೆ ಕಟ್ಟಿಸಿದರೆಂದು ಜನ ಇಂದಿಗೂ ನೆನೆಯುತ್ತಾರೆ. ಕುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅದು ಸುಮಾರು 1,500 ಎಕರೆ, ಹಿಂದೆ ಅಮೃತಮಹಲ್ ಕಾವಲಾಗಿದ್ದ ನೆಲ. ದನ ಮೇಯುತ್ತಿದ್ದ ಹುಲ್ಲುಗಾವಲು ಸಂಸ್ಥೆಗಳ ಪಾಲಾದ ಬಗ್ಗೆ ಎದ್ದ ತಕರಾರು ಹಸಿರು ನ್ಯಾಯಮಂಡಳಿಯವರೆಗೆ ಹೋಗಿತ್ತು. ಆ ಕತೆಗೆ ಬೇರೆಯದೇ ಅಂಕಣ ಬೇಕು. ಇಲ್ಲಿಗೆ ಬೇಕಾದ ಸಂಗತಿಯೆಂದರೆ, ಆ ಆವರಣದ ತರಬೇತಿ ಕೇಂದ್ರಕ್ಕೆ ಶಾಲೆ, ಕಾಲೇಜುಗಳ ವಿಜ್ಞಾನದ, ಗಣಿತದ ಮೇಷ್ಟ್ರುಗಳು ಬಂದು ಹೋಗುತ್ತಾರೆ. ಅವರಲ್ಲಿ ಯಾರಾದರೂ ಒಂದು ಸಂಜೆ ಅಡಿಪಟ್ಟಿ ಹಿಡಿದು ಹತ್ತಿರದ ಕೆರೆಯಂಗಳಕ್ಕೆ ಇಳಿದರೆ, ಪಠ್ಯಪುಸ್ತಕದಲ್ಲಿಲ್ಲದ ಒಂದು ಪಾಠ ಅಲ್ಲಿ ಸಿದ್ಧವಾಗಿರುತ್ತದೆ.

ಕೆರೆಯ ತಳದ ಗೋಡುಮಣ್ಣು ನೀರು ಬಿಟ್ಟಂತೆಲ್ಲ ಕುಗ್ಗಲು ನೋಡುತ್ತದೆ. ಆದರೆ ಅದು ಕೆಳಗಿನ ನೆಲಕ್ಕೆ ಅಂಟಿಕೊಂಡಿದೆ, ನೆಲ ಬಿಡುವುದಿಲ್ಲ. ಕುಗ್ಗಬೇಕು, ಕುಗ್ಗುವಂತಿಲ್ಲ. ಪದರದೊಳಗೆ ಬಿಗಿತ ಏರುತ್ತ ಹೋಗಿ, ಮಣ್ಣು ಎಲ್ಲಿ ತುಸು ದುರ್ಬಲವೋ ಅಲ್ಲಿ ಮೊದಲ ಬಿರುಕು ಬೀಳುತ್ತದೆ. ಬಿರುಕು ಬಿದ್ದದ್ದೇ ಅದರ ಎರಡೂ ಬದಿಯಲ್ಲಿ ಬಿಗಿತ ಸಡಿಲ. ಎಷ್ಟು ದೂರದವರೆಗೆ? ಪದರದ ದಪ್ಪಕ್ಕೆ ಹೊಂದಿಕೊಂಡಷ್ಟು ದೂರ. ಆ ವಲಯದೊಳಗೆ ಇನ್ನೊಂದು ಬಿರುಕಿಗೆ ಕೆಲಸವಿಲ್ಲ. ಅದನ್ನು ದಾಟಿದರೆ ಮತ್ತೆ ಬಿಗಿತ, ಮತ್ತೆ ಬಿರುಕು. ಹಾಗಾಗಿ ಎರಡು ಬಿರುಕುಗಳ ನಡುವಿನ ಅಂತರ ಪದರದ ದಪ್ಪದ ಕೆಲವು ಪಟ್ಟಿನಷ್ಟಕ್ಕೆ ಬಂದು ನಿಲ್ಲುತ್ತದೆ. ಹೋದ ಮಳೆಗೆ ಬಂದು ಕೂತ ತೆಳು ಹೂಳು ಅಂಗೈಗಿಂತ ಚಿಕ್ಕ ಚೂರುಗಳಾಗಿ, ಹಪ್ಪಳದಂತೆ ಅಂಚು ಮೇಲೆತ್ತಿಕೊಳ್ಳುತ್ತದೆ, ಏಕೆಂದರೆ ಮೇಲ್ಮೈ ತಳಕ್ಕಿಂತ ಬೇಗ ಒಣಗಿ ಬೇಗ ಕುಗ್ಗುತ್ತದೆ. ಕೆರೆಯ ನಡುವಿನ ಆಳವಾದ ಗೋಡು ದೊಡ್ಡ ದೊಡ್ಡ ಹಲಗೆಗಳಾಗಿ ಸೀಳುತ್ತದೆ, ಬಿರುಕಿಗೆ ಕಾಲು ಇಳಿಯುವಷ್ಟು. ಅಂದರೆ, ಅಗೆಯದೆಯೇ ಹೂಳಿನ ದಪ್ಪವನ್ನು ಅಂದಾಜು ಮಾಡಬಹುದು. ಮಣ್ಣಿನ ಜಾತಿ, ಒಣಗಿದ ವೇಗ, ಬೆರೆತ ಮರಳು ಎಲ್ಲವೂ ಲೆಕ್ಕವನ್ನು ಅತ್ತಿತ್ತ ತಳ್ಳುತ್ತವೆ, ಆದರೂ ಅಂದಾಜು ಅಂದಾಜೇ.

ಆಕಾರಕ್ಕೂ ಒಂದು ಲೆಕ್ಕವಿದೆ. ಅದು ಎಷ್ಟು ಸರಳವೆಂದರೆ ಹೇಳದೆ ಬಿಡಲಾಗದು. ಬಿರುಕುಗಳು ಕೂಡುವ ಜಾಗಗಳನ್ನು ನೋಡಿ. ಹೆಚ್ಚಿನ ಕಡೆ ಮೂರು ಗೆರೆ ಕೂಡಿರುತ್ತವೆ. 100 ಕೂಡುಗಳಿವೆ ಎನ್ನೋಣ. ಒಂದೊಂದರಿಂದ ಮೂರು ಗೆರೆ ಹೊರಡುತ್ತವೆ, ಒಂದೊಂದು ಗೆರೆಗೂ ಎರಡು ತುದಿ. ಆದ್ದರಿಂದ ಗೆರೆಗಳು 150. 18ನೇ ಶತಮಾನದ ಗಣಿತಜ್ಞ ಆಯ್ಲರ್ ಕೊಟ್ಟ ಸೂತ್ರದ ಪ್ರಕಾರ, ದೊಡ್ಡ ಬಯಲಿನಲ್ಲಿ ಕೂಡುಗಳಿಂದ ಗೆರೆಗಳನ್ನು ಕಳೆದು ತುಂಡುಗಳನ್ನು ಸೇರಿಸಿದರೆ ಉತ್ತರ ಹೆಚ್ಚುಕಡಿಮೆ ಸೊನ್ನೆ. ಅಂದಮೇಲೆ ತುಂಡುಗಳು 50. ಈಗ ಮೂಲೆಗಳನ್ನು ಎಣಿಸಿ. ವೈ ಅಕ್ಷರದಂತೆ ಮೂರು ಗೆರೆ ಸಮವಾಗಿ ಕೂಡಿದ್ದರೆ ಸುತ್ತಲಿನ ಮೂರೂ ತುಂಡುಗಳಿಗೆ ಅಲ್ಲೊಂದು ಮೂಲೆ. ಒಟ್ಟು 300 ಮೂಲೆ, 50 ತುಂಡು, ತಲೆಗೆ 6. ಟಿ ಅಕ್ಷರದಂತೆ ಒಂದು ಗೆರೆ ನೇರ ಹೋಗಿದ್ದು ಇನ್ನೊಂದು ಅದಕ್ಕೆ ಬಂದು ಗುದ್ದಿ ನಿಂತಿದ್ದರೆ, ನೇರ ಗೆರೆಯ ಆಚೆ ಬದಿಯ ತುಂಡಿಗೆ ಮೂಲೆಯಿಲ್ಲ. ಒಟ್ಟು 200 ಮೂಲೆ, 50 ತುಂಡು, ತಲೆಗೆ 4. ಒಂದು ತುಂಡಿಗೆ ಐದಿರಬಹುದು, ಇನ್ನೊಂದಕ್ಕೆ ಮೂರಿರಬಹುದು. ಸರಾಸರಿ ಮಾತ್ರ ಜಪ್ಪಯ್ಯ ಎಂದರೂ ಅಲುಗದು.

ಮೊದಲ ಸಲ ಒಣಗುವ ಮಣ್ಣಿನಲ್ಲಿ ಟಿ ಕೂಡುಗಳೇ ಹೆಚ್ಚು. ಹಳೆಯ ಬಿರುಕಿನ ಪಕ್ಕದಲ್ಲಿ ಅದಕ್ಕೆ ಅಡ್ಡಲಾದ ಬಿಗಿತ ಆಗಲೇ ಬಿಟ್ಟುಹೋಗಿರುತ್ತದೆ, ಅದರ ಗುಂಟ ಇರುವ ಬಿಗಿತ ಮಾತ್ರ ಉಳಿದಿರುತ್ತದೆ. ಹಾಗಾಗಿ ಹೊಸದಾಗಿ ಬರುವ ಬಿರುಕು ತಿರುಗಿ ಹಳೆಯದಕ್ಕೆ ಲಂಬವಾಗಿ ಬಂದು ಸೇರುತ್ತದೆ. ಹಂಗೇರಿಯ ಗಾಬರ್ ದೊಮೊಕೊಶ್, ಅಮೆರಿಕದ ಡಗ್ಲಸ್ ಜೆರೋಲ್ಮ್ಯಾಕ್ ಮತ್ತು ಸಂಗಡಿಗರು 2020ರಲ್ಲಿ ಇದನ್ನೇ ಭೂಮಿಯ ಮಟ್ಟಕ್ಕೆ ಒಯ್ದರು. ಒಡೆದ ನೆಲದ ಸರಾಸರಿ ತುಂಡು ಚತುರ್ಭುಜ, ಒಡೆದ ಬಂಡೆಯ ಸರಾಸರಿ ಚೂರು ಘನಾಕೃತಿ ಎಂದು ತೋರಿಸಿದರು. ಪ್ಲೇಟೋ ಪೃಥ್ವಿ ತತ್ವಕ್ಕೆ ಘನಾಕೃತಿಯನ್ನು ಕೊಟ್ಟಿದ್ದನಲ್ಲ, ಅವನ ಊಹೆ ಸರಾಸರಿಯ ಮಟ್ಟಿಗಾದರೂ ನಿಂತಿತು.

ಆದರೆ ಅದೇ ಮಣ್ಣು ಮತ್ತೆ ಮತ್ತೆ ನೆಂದು ಒಣಗಿದರೆ ಚಿತ್ರ ಬದಲಾಗುತ್ತದೆ. ನೆಂದಾಗ ಬಿರುಕು ಮುಚ್ಚಿಕೊಂಡರೂ ಅಲ್ಲಿನ ದೌರ್ಬಲ್ಯ ಉಳಿಯುತ್ತದೆ. ಮುಂದಿನ ಸಲ ಅದೇ ಗೆರೆಗಳು ತೆರೆಯುತ್ತವೆ, ಆದರೆ ಬೇರೆ ಸರದಿಯಲ್ಲಿ. ಕೂಡು ಜಾಗ ಸ್ವಲ್ಪ ಸ್ವಲ್ಪವೇ ಸರಿದು ಟಿ ಎಂಬುದು ವೈ ಆಗುತ್ತದೆ. ಲೂಕಸ್ ಗೋರಿಂಗ್ ಮತ್ತಿತರರು 2010ರಲ್ಲಿ ಪ್ರಯೋಗಾಲಯದ ಜೇಡಿಮಣ್ಣಿನಲ್ಲಿ ಇದನ್ನು ಹಂತಹಂತವಾಗಿ ತೋರಿಸಿದರು. ಹಾಗಾಗಿ ಕೆರೆಯಂಗಳದಲ್ಲಿ ನಿಂತವರು ಆ ಪದರ ಹೊಸತೋ ಅನೇಕ ಸಲ ನೆಂದು ಒಣಗಿದ್ದೋ ಎಂದು ಕೂಡುಗಳನ್ನು ಎಣಿಸಿಯೇ ಊಹಿಸಬಹುದು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳೂ ಇದೇ ಕುಲದವು. ಅಲ್ಲಿ ಒಣಗಿದ್ದು ಮಣ್ಣಲ್ಲ, ಆರಿದ್ದು ಲಾವಾ, ಅದೂ ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಬಿರುಕು ಮೇಲಿನಿಂದ ಒಳಕ್ಕೆ ಹೆಜ್ಜೆ ಹೆಜ್ಜೆಯಾಗಿ ಇಳಿಯುತ್ತ, ಪ್ರತಿ ಹೆಜ್ಜೆಗೂ ತನ್ನನ್ನು ತಿದ್ದಿಕೊಳ್ಳುತ್ತ ಹೋಗುತ್ತದೆ. ಆದ್ದರಿಂದಲೇ ಅಲ್ಲಿ ಆರು ಮೂಲೆಯ ಕಂಬಗಳು ಕಣ್ಣಿಗೆ ಬೀಳುತ್ತವೆ, ಐದರವೂ ಏಳರವೂ ನಡುನಡುವೆ ಇವೆ. ಇಲ್ಲೂ ಅಗಲವೇ ಮಾತಾಡುತ್ತದೆ: ನಿಧಾನವಾಗಿ ಆರಿದ ಲಾವಾದ ಕಂಬ ದಪ್ಪ, ಬೇಗ ಆರಿದ್ದರದ್ದು ಸಣ್ಣ.

ಬಿರುಕು ಎಳೆತದ ಮಗು. ಒತ್ತಡದ ಮಗು ಸುಕ್ಕು. ಉಕ್ಕಿನ ಅಡಿಪಟ್ಟಿಯ ಎರಡೂ ತುದಿ ಹಿಡಿದು ಒಳಕ್ಕೆ ಒತ್ತಿದರೆ ಅದು ಒಂದೇ ಡೊಂಕಾಗಿ ಬಾಗುತ್ತದೆ. ಎಷ್ಟು ಒತ್ತಿದರೆ ಬಾಗುತ್ತದೆ ಎಂಬುದನ್ನು 1744ರಲ್ಲಿ ಅದೇ ಆಯ್ಲರ್ ಲೆಕ್ಕ ಹಾಕಿಟ್ಟಿದ್ದ. ಆ ಪಟ್ಟಿಯನ್ನು ಮೆತ್ತನೆಯ ಹಾಸಿಗೆಗೆ ಅಂಟಿಸಿ ಒತ್ತಿದ್ದರೆ? ಒಂದೇ ದೊಡ್ಡ ಡೊಂಕು ಎದ್ದರೆ ಹಾಸಿಗೆಯನ್ನು ತುಂಬ ಆಳದವರೆಗೆ ಎಳೆಯಬೇಕು, ಹಾಸಿಗೆ ಒಪ್ಪದು. ತೀರ ಸಣ್ಣ ಸಣ್ಣ ನೆರಿಗೆಗಳಾದರೆ ಪಟ್ಟಿ ತುಂಬ ಚೂಪಾಗಿ ಬಾಗಬೇಕು, ಪಟ್ಟಿ ಒಪ್ಪದು. ಕೊನೆಗೆ ಇಬ್ಬರೂ ರಾಜಿಯಾಗುವ ಅಗಲವೊಂದಿದೆ, ಸುಕ್ಕು ಆ ಅಗಲದಲ್ಲಿ ಏಳುತ್ತದೆ. ಸೂತ್ರವನ್ನು ಮಾತಿನಲ್ಲೇ ಹೇಳಬಹುದು. ಮೇಲ್ಪದರ ತಳಕ್ಕಿಂತ ಎಷ್ಟು ಪಟ್ಟು ಗಟ್ಟಿ ನೋಡಿ, ಅದನ್ನು ಮೂರರಿಂದ ಭಾಗಿಸಿ, ಘನಮೂಲ ತೆಗೆದು, ಪದರದ ದಪ್ಪದಿಂದಲೂ ಆರೂಕಾಲರಿಂದಲೂ ಗುಣಿಸಿ. ಪದರ 3,000 ಪಟ್ಟು ಗಟ್ಟಿಯಾಗಿದ್ದರೆ ಸುಕ್ಕಿನ ಅಗಲ ದಪ್ಪದ 63 ಪಟ್ಟು. ಗಟ್ಟಿತನ ಇನ್ನೂ ಎಂಟು ಪಟ್ಟಾದರೆ ಅಗಲ ಬರೀ ಎರಡು ಪಟ್ಟಾಗುತ್ತದೆ. ದಪ್ಪ ಎರಡು ಪಟ್ಟಾದರೂ ಅಗಲ ಎರಡು ಪಟ್ಟು. ಅಂದರೆ ಇಲ್ಲಿ ಯಜಮಾನಿಕೆ ದಪ್ಪದ್ದು. ಆರುತ್ತಿರುವ ಹಾಲಿನ ಮೇಲಿನ ತೆಳು ಕೆನೆಯನ್ನು ಚಮಚದಿಂದ ಒಂದು ಬದಿಗೆ ತಳ್ಳಿದಾಗ ನಯವಾದ ನೆರಿಗೆಗಳೂ, ಗಂಟೆ ಬಿಟ್ಟು ದಪ್ಪ ಕೆನೆಯನ್ನು ತಳ್ಳಿದಾಗ ದಪ್ಪ ಮಡಿಕೆಗಳೂ ಏಳುತ್ತವೆ. ಅಲ್ಲಿ ತಳ ದ್ರವವಾದ್ದರಿಂದ ಸೂತ್ರ ಸ್ವಲ್ಪ ಬೇರೆ, ಆದರೆ ಪಂಚಾಯಿತಿ ಅದೇ.

ಎಳೆದಾಗಲೂ ಸುಕ್ಕು ಬರುತ್ತದೆ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಪ್ಲಾಸ್ಟಿಕ್ ಹಾಳೆಯೊಂದರ ಎರಡು ತುದಿಗಳನ್ನು ಪೂರ್ತಿ ಅಗಲಕ್ಕೂ ಬಿಗಿಯಾಗಿ ಹಿಡಿದು ಜಗ್ಗಿ. ಉದ್ದಕ್ಕೂ ನೆರಿಗೆಗಳು ಏಳುತ್ತವೆ. ಜಗ್ಗಿದ ಹಾಳೆ ನಡುವೆ ಸಣ್ಣಗಾಗಲು ನೋಡುತ್ತದೆ, ಹಿಡಿದ ತುದಿಗಳು ಬಿಡುವುದಿಲ್ಲ, ಅದರಿಂದ ಅಡ್ಡಕ್ಕೆ ಒತ್ತಡ ಹುಟ್ಟುತ್ತದೆ. ಈ ನೆರಿಗೆಗಳ ಅಗಲಕ್ಕೆ ಒಂದು ಸಾಮಾನ್ಯ ಸೂತ್ರವನ್ನು 2003ರಲ್ಲಿ ಕೊಟ್ಟವರು ಚಿಲಿಯ ಎನ್ರಿಕೆ ಸೆರ್ಡಾ ಮತ್ತು ಮದ್ರಾಸ್ ಐಐಟಿಯಲ್ಲಿ ಓದಿದ ಎಲ್. ಮಹಾದೇವನ್. 25 ಸೆಂಟಿಮೀಟರ್ ಉದ್ದದ, ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪದ, ಚೆನ್ನಾಗಿ ಹಿಗ್ಗುವ ಹಾಳೆಯನ್ನು ಶೇ 10ರಷ್ಟು ಹಿಗ್ಗಿಸಿದರೆ ಅವರ ಸೂತ್ರದಂತೆ ನೆರಿಗೆಗಳ ನಡುವಿನ ಅಂತರ ಸುಮಾರು 18 ಮಿಲಿಮೀಟರ್. ದಪ್ಪ ಅರ್ಧವಾದರೆ ಸುಮಾರು 13. ಇನ್ನೂ ಜೋರಾಗಿ ಜಗ್ಗಿ ನೆರಿಗೆಯನ್ನು ಅರ್ಧಕ್ಕೆ ಇಳಿಸುತ್ತೇನೆಂದರೆ ಹಿಗ್ಗು 16 ಪಟ್ಟಾಗಬೇಕು. ಅಷ್ಟರಲ್ಲಿ ಆ ಸರಳ ಸೂತ್ರದ ಮಿತಿಯೇ ಮುಗಿದಿರುತ್ತದೆ. ಹಾಳೆಗಳು ಹೇಗೆ ಸುಕ್ಕಾಗುತ್ತವೆ ಎಂದು ಹೇಳಿದ್ದಕ್ಕೆ ಇವರಿಬ್ಬರಿಗೂ 2007ರ ಇಗ್ ನೊಬೆಲ್ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಕೆಲಸಗಳಿಗೆ ಕೊಡುವ ಬಹುಮಾನವದು. ನಕ್ಕವರು ಮುಂದೆ ಗಂಭೀರರಾದರು. ಗರ್ಭದಲ್ಲಿನ ಮೆದುಳಿನ ಸ್ಕ್ಯಾನಿನಿಂದ ಅಚ್ಚು ತೆಗೆದು, ಜೆಲ್ಲಿನಲ್ಲಿ ಮೆದುಳು ಮಾಡಿ, ಹೊರಪದರ ಮಾತ್ರ ದ್ರಾವಣ ಹೀರಿ ಉಬ್ಬುವಂತೆ ಮಾಡಿದಾಗ ಮನುಷ್ಯನ ಮೆದುಳಿನಂಥದೇ ಮಡಿಕೆಗಳು ಎದ್ದದ್ದನ್ನು ಮಹಾದೇವನ್ ಮತ್ತು ತುವೋಮಸ್ ಟಲ್ಲಿನೆನ್ ಅವರ ತಂಡ 2016ರಲ್ಲಿ ತೋರಿಸಿತು.

ಮೊಳಕಾಲ್ಮೂರಿನಲ್ಲಿ ಈ ಮಾತು ಹೇಳಿದರೆ ನೇಕಾರರು ರೇಷ್ಮೆ ಸೀರೆ ತೋರಿಸಿ ಇದಕ್ಕೆ ನಿಮ್ಮ ಸೂತ್ರ ಹಚ್ಚಿ ನೋಡಿ ಎಂದಾರು. ಅಷ್ಟು ಸುಲಭವಾಗಿ ಹಚ್ಚಲಾಗದು. ನೇಯ್ದ ಬಟ್ಟೆ ಪ್ಲಾಸ್ಟಿಕ್ಕಿನಂತೆ ಒಂದೇ ಮೈಯಲ್ಲ. ಹಾಸು ಹೊಕ್ಕಿನ ಎಳೆಗಳು ಒಂದರ ಮೇಲೊಂದು ಓರೆಯಾಗುತ್ತವೆ, ಹಾಸಿನ ಕಡೆಯ ಬಿಗಿತ ಒಂದು, ಹೊಕ್ಕಿನದು ಇನ್ನೊಂದು. ಆದರೆ ಸೀರೆಯ ಅಂಚು ಬೇರೊಂದು ಗಣಿತ ಕಲಿಸುತ್ತದೆ. ಒಡಲು ಕುಗ್ಗಿ ಜರಿ ಅಂಚು ಕುಗ್ಗದೆ ಉಳಿದರೆ, ಅಂಚು ಒಡಲಿಗಿಂತ ಉದ್ದವಾಯಿತು. ಹೆಚ್ಚಿನ ಉದ್ದಕ್ಕೆ ಸಮತಟ್ಟಿನಲ್ಲಿ ಜಾಗವಿಲ್ಲ, ಅದು ಮೇಲೆ ಕೆಳಗೆ ಅಲೆಯಾಗುತ್ತದೆ. ಎಲೆಯ ಅಂಚು ನಡುವಿಗಿಂತ ಹೆಚ್ಚು ಬೆಳೆದಾಗ ಆಗುವುದೂ ಇದೇ. ಹರಿದ ಪ್ಲಾಸ್ಟಿಕ್ ಕವರಿನ ಅಂಚನ್ನು ಗಮನಿಸಿ: ದೊಡ್ಡ ಅಲೆಯ ಮೇಲೆ ಚಿಕ್ಕ ಅಲೆ, ಅದರ ಮೇಲೆ ಇನ್ನೂ ಚಿಕ್ಕದು. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಎರಾನ್ ಶರೋನ್ ಮತ್ತು ಸಂಗಡಿಗರು 2002ರಲ್ಲಿ ಇದನ್ನೇ ಅಳೆದು ಪ್ರಕಟಿಸಿದರು, ಎಲೆಗಳ ಜೊತೆ ಹೋಲಿಸಿ.

ಒತ್ತಡವೂ ಇಲ್ಲದ, ಎಳೆತವೂ ಇಲ್ಲದ ಚಿತ್ತಾರಗಳಿವೆ; ಚಿರತೆಯ ಚುಕ್ಕೆ, ಜೀಬ್ರಾದ ಪಟ್ಟೆ. ಇವಕ್ಕೆ ಗಣಿತ ಕೊಟ್ಟವರು ಕಂಪ್ಯೂಟರಿನ ಜೊತೆ ನಾವು ನೆನೆಯುವ ಅಲನ್ ಟ್ಯೂರಿಂಗ್. ಅವರ ತಂದೆ ಮದರಾಸು ಪ್ರಾಂತದಲ್ಲಿ ಐಸಿಎಸ್ ಅಧಿಕಾರಿಯಾಗಿದ್ದರು. ಮೊಳಕಾಲ್ಮೂರಿಗೆ ಒತ್ತಿಕೊಂಡಿರುವ ಬಳ್ಳಾರಿ ಆಗ ಅದೇ ಪ್ರಾಂತಕ್ಕೆ ಸೇರಿತ್ತು. ಸಾಯುವ ಎರಡು ವರ್ಷ ಮೊದಲು, 1952ರಲ್ಲಿ, ಟ್ಯೂರಿಂಗ್ ಒಂದು ವಿಚಿತ್ರ ಮಾತು ಹೇಳಿದರು. ಎರಡು ರಾಸಾಯನಿಕಗಳು ಒಂದರೊಡನೊಂದು ವರ್ತಿಸುತ್ತ ಬೇರೆ ಬೇರೆ ವೇಗದಲ್ಲಿ ಹರಡಿದರೆ, ಎಲ್ಲ ಕಡೆ ಸಮನಾಗಿದ್ದ ಮಿಶ್ರಣ ತಾನಾಗಿಯೇ ಚುಕ್ಕೆ, ಪಟ್ಟೆಗಳಾಗಿ ಒಡೆಯಬಹುದು ಎಂದು. ಹರಡುವುದೆಂದರೆ ಎಲ್ಲವನ್ನೂ ಸಮ ಮಾಡುವುದು ಎಂದೇ ನಾವು ತಿಳಿದಿದ್ದೇವೆ, ನೀರಿಗೆ ಬಿದ್ದ ಶಾಯಿಯನ್ನು ನೋಡಿ. ಅದೇ ಹರಡುವಿಕೆ ಇಲ್ಲಿ ಭೇದ ಹುಟ್ಟಿಸುತ್ತದೆ. ತನ್ನನ್ನು ತಾನೇ ಹೆಚ್ಚಿಸಿಕೊಳ್ಳುವ ಒಂದು ರಾಸಾಯನಿಕ ಇದ್ದಲ್ಲೇ ಉಳಿಯುತ್ತದೆ. ಅದನ್ನು ಅಡಗಿಸುವ ಇನ್ನೊಂದು ಬೇಗ ದೂರ ಓಡಿ ಸುತ್ತಲೂ ಬೇಲಿ ಹಾಕುತ್ತದೆ. ಪಟ್ಟೆಯ ಅಗಲ, ಆ ರಾಸಾಯನಿಕಗಳು ನಾಶವಾಗುವ ಮುನ್ನ ಎಷ್ಟು ದೂರ ಸಾಗುತ್ತವೋ ಅದಕ್ಕೆ ತಕ್ಕಂತೆ.

ಇಲ್ಲಿ ಅಗಲದ ಆಟ ಚೆಂದವಾಗಿ ಕಾಣುವುದು ಬಾಲದಲ್ಲಿ. ಚಿತ್ರದುರ್ಗದ ಗುಡ್ಡಗಳಲ್ಲಿ ಇಂದಿಗೂ ಇರುವ ಚಿರತೆಯ ಮೈಮೇಲೆ ಚುಕ್ಕೆ, ಬಾಲದ ತುದಿಯತ್ತ ಉಂಗುರ. ಚರ್ಮ ಅಗಲವಿದ್ದಲ್ಲಿ ಎರಡು ದಿಕ್ಕಿಗೂ ಚುಕ್ಕೆಗಳಿಗೆ ಜಾಗವಿದೆ; ಬಾಲದ ತುದಿಯ ಸುತ್ತಳತೆಯಲ್ಲಿ ಪಕ್ಕಪಕ್ಕ ಚುಕ್ಕೆಗಳು ಹಿಡಿಸುವುದಿಲ್ಲ, ಸುತ್ತಿ ಬಂದು ಉಂಗುರವಾಗುತ್ತವೆ. ಚುಕ್ಕೆ ಮೈಗೆ ಪಟ್ಟೆ ಬಾಲ ಇರಬಹುದು, ಪಟ್ಟೆ ಮೈಗೆ ಚುಕ್ಕೆ ಬಾಲ ಇರಲಾರದು ಎಂದು ಗಣಿತಜ್ಞ ಜೇಮ್ಸ್ ಮರ್ರಿ 1980ರ ದಶಕದಲ್ಲಿ ಹೇಳಿದ್ದು ಈ ತರ್ಕದ ಮೇಲೆ.

ಒಣನೆಲದ ಹುಲ್ಲಿಗೂ ಇದೇ ಗಣಿತ ಒಪ್ಪುತ್ತದೆ ಎಂಬುದು ಚಳ್ಳಕೆರೆಯವರಿಗೆ ಹೆಚ್ಚು ಹತ್ತಿರದ ಮಾತು. ಹುಲ್ಲು ಹಿಡಿದ ನೆಲ ಮಳೆನೀರನ್ನು ಬೇಗ ಇಂಗಿಸಿಕೊಳ್ಳುತ್ತದೆ, ಬರಿನೆಲದಲ್ಲಿ ನೀರು ಹರಿದುಹೋಗುತ್ತದೆ. ಹತ್ತಿರದವರಿಗೆ ನೆರವು, ದೂರದವರಿಗೆ ಕೊರತೆ. ಸೋಮಾಲಿಯಾ, ನೈಜರ್ ದೇಶಗಳ ಇಳಿಜಾರು ಬಯಲುಗಳಲ್ಲಿ ಗಿಡಗಂಟಿ ಹುಲಿಯ ಪಟ್ಟೆಯಂತೆ ಸಾಲುಗಟ್ಟಿದ್ದು ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಮೊದಲು ಕಂಡಿತು. 1999ರಲ್ಲಿ ಕ್ರಿಸ್ಟೋಫರ್ ಕ್ಲೌಸ್‌ಮೈಯರ್ ಅದಕ್ಕೆ ನೀರು ಮತ್ತು ಗಿಡ ಎಂಬ ಎರಡೇ ಪಾತ್ರಗಳ ಸಮೀಕರಣ ಬರೆದರು. ಇಂಥ ಲೆಕ್ಕಗಳ ಪ್ರಕಾರ ಮಳೆ ಕಡಿಮೆಯಾದಂತೆ ಹಸಿರಿನ ನಡುವೆ ತೂತು ಬೀಳುತ್ತವೆ, ಆಮೇಲೆ ಹಸಿರೇ ಅಂಕುಡೊಂಕು ಪಟ್ಟೆಯಾಗುತ್ತದೆ, ಆಮೇಲೆ ಚುಕ್ಕೆ, ಕೊನೆಗೆ ಒಮ್ಮೆಲೇ ಬರಿನೆಲ. ನಮ್ಮ ಕಾವಲುಗಳಲ್ಲಿ ಹುಲಿಪಟ್ಟೆ ಹುಡುಕಿ ಎಂದು ನಾನು ಹೇಳುತ್ತಿಲ್ಲ. ದನ, ಕುರಿ, ಬೆಂಕಿ, ಬೇಲಿ ಎಲ್ಲ ಸೇರಿ ಯಾವ ಸಮೀಕರಣವನ್ನೂ ಕಲಸಿಬಿಡುತ್ತವೆ.

ಇಷ್ಟು ಓದಿದವರು ಫಿಬೊನಾಚಿ ಎಲ್ಲಿ ಎಂದು ಕೇಳಬಹುದು. ಚಿನ್ನದ ಅನುಪಾತ ಎಂದು ಹೆಸರಿಟ್ಟು ಶಂಖದಲ್ಲೂ ಮುಖದಲ್ಲೂ ಗುಡಿಯ ಗೋಪುರದಲ್ಲೂ ಅದನ್ನು ಕಾಣುವ ಹುಚ್ಚು ನನಗೆ ಹಿಡಿಸಿಲ್ಲ. ನಾಟಿಲಸ್ ಶಂಖವನ್ನು ಅಳೆದರೆ ಆ ಅನುಪಾತ ಬರುವುದಿಲ್ಲ. ಸೂರ್ಯಕಾಂತಿಯಲ್ಲಿ 34, 55, 89 ಸುರುಳಿಗಳು ಸಿಗುವುದು ಮಾತ್ರ ನಿಜ, ಅದಕ್ಕೂ ಕಾರಣ ಜಾಗದ ಜಗಳವೇ: ಹೊಸ ಮೊಗ್ಗು ಹಿಂದಿನವುಗಳಿಂದ ಆದಷ್ಟು ದೂರ ಹುಟ್ಟುತ್ತದೆ. ಆ ಸಂಖ್ಯೆಗಳು ಕನ್ನಡದ ಮಕ್ಕಳಿಗೆ ಹೊಸವಲ್ಲ. ಮೂರು ಮಾತ್ರೆಯ ಗಣಗಳು 3, ನಾಲ್ಕು ಮಾತ್ರೆಯವು 5, ಐದು ಮಾತ್ರೆಯವು 8. ಲಘು ಗುರು ಹಾಕಿ ಯಾರು ಬೇಕಾದರೂ ಎಣಿಸಬಹುದು. ಇಟಲಿಯ ಫಿಬೊನಾಚಿಗಿಂತ ಮುಂಚೆಯೇ ವಿರಹಾಂಕನೂ ಹೇಮಚಂದ್ರನೂ ಛಂದಸ್ಸಿನ ಲೆಕ್ಕದಲ್ಲಿ ಇದನ್ನು ಬರೆದಿಟ್ಟಿದ್ದರು.

ಆಕಾರ ನೋಡಿ ಕಾರಣ ಹೇಳಹೊರಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಹೆಬ್ಬೆಟ್ಟೇ ಸಾಕ್ಷಿ. ಬೆರಳ ಗೆರೆಗಳು ಭ್ರೂಣದ ಚರ್ಮದ ಒಳಪದರ ಬೆಳೆಯುತ್ತ ಒತ್ತಡಕ್ಕೆ ಸಿಕ್ಕು ಸುಕ್ಕಾಗಿದ್ದರಿಂದ ಬಂದವು ಎಂದು 2004ರಲ್ಲಿ ಮೈಕೆಲ್ ಕ್ಯೂಕೆನ್ ಮತ್ತು ಆ್ಯಲನ್ ನ್ಯೂವೆಲ್ ಲೆಕ್ಕ ಮಾಡಿ ತೋರಿಸಿದರು. ಚಿತ್ರ ತಾಳೆಯಾಯಿತು. 2023ರಲ್ಲಿ ಎಡಿನ್‌ಬರೋದ ಡೆನಿಸ್ ಹೆಡನ್ ಅವರ ತಂಡ ಜೀವಕೋಶಗಳನ್ನೇ ಪರೀಕ್ಷಿಸಿ, ಗೆರೆಗಳು ಟ್ಯೂರಿಂಗ್ ಬಗೆಯ ರಾಸಾಯನಿಕ ಅಲೆಗಳೆಂದೂ, ಬೆರಳ ದಿಂಬಿನ ನಡುವಿನಿಂದ, ಉಗುರ ಬುಡದಿಂದ, ಗೆಣ್ಣಿನ ಮಡಿಕೆಯಿಂದ ಹೊರಟ ಮೂರು ಅಲೆಗಳು ಎದುರಾದಲ್ಲಿ ಸುಳಿ, ಕಮಾನುಗಳು ಮೂಡುತ್ತವೆಂದೂ ತೋರಿಸಿತು. ಇದೂ ತಾಳೆಯಾಯಿತು. ಎರಡು ಬೇರೆ ಕಾರಣ, ಒಂದೇ ಚಿತ್ತಾರ. ಹಾಗೆಯೇ ನೀರಲ್ಲಿ ಬಹಳ ಹೊತ್ತು ನೆಂದ ಬೆರಳ ತುದಿಯ ಸುಕ್ಕು. ಚರ್ಮ ನೀರು ಹೀರಿ ಉಬ್ಬಿದ್ದರಿಂದ ಎಂದು ಯಾರಾದರೂ ಹೇಳುವರು. ಆದರೆ ಬೆರಳಿನ ನರ ಕಡಿದುಹೋದವರಲ್ಲಿ ಆ ಸುಕ್ಕು ಬರುವುದಿಲ್ಲ ಎಂಬುದು 1930ರ ದಶಕದಲ್ಲೇ ವೈದ್ಯರ ಗಮನಕ್ಕೆ ಬಂದಿತ್ತು. ನರದ ಆಜ್ಞೆಯಿಂದ ಒಳಗಿನ ರಕ್ತನಾಳಗಳು ಬಿಗಿಯಾಗಿ, ಒಳಗು ಕುಗ್ಗಿ, ಮೇಲಿನ ಚರ್ಮ ಮಡಿಯುತ್ತದೆ.

ಸುಕ್ಕೆಂದರೆ ಸೋಲು ಎಂಬ ಭಾವನೆ ಎಂಜಿನಿಯರುಗಳಿಗೂ ಬಹುಕಾಲ ಇತ್ತು. ಅದನ್ನು ಬಿಡಿಸಿದ್ದು ವಿಮಾನ. ಕುದಾಪುರದ ನೆರೆಯಲ್ಲೇ, ಅದೇ ಹಳೆಯ ಕಾವಲಿನಲ್ಲಿ, 2017ರಲ್ಲಿ ಉದ್ಘಾಟನೆಯಾದ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ; ಚಾಲಕರಹಿತ ವಿಮಾನಗಳು ಅಲ್ಲಿ ಹಾರಾಟ ಕಲಿಯುತ್ತವೆ. ವಿಮಾನಕ್ಕೆ ಮೊದಲ ಲೋಹದ ಮೈ ಬಂದ ದಿನಗಳಲ್ಲಿ ತಗಡು ಸುಕ್ಕಾಗದಷ್ಟು ದಪ್ಪವಿರಬೇಕೆಂದು ನಂಬಿದ್ದರು, ಅಷ್ಟು ದಪ್ಪವಿಟ್ಟರೆ ಭಾರ ಏರುತ್ತಿತ್ತು. 1929ರಲ್ಲಿ ಹರ್ಬರ್ಟ್ ವಾಗ್ನರ್, ತೆಳು ತಗಡು ಓರೆಯಾಗಿ ಸುಕ್ಕಾದ ಮೇಲೂ ಆ ಸುಕ್ಕಿನ ಗುಂಟ ಎಳೆತವನ್ನು ಹೊರುತ್ತಲೇ ಇರುತ್ತದೆ, ಸುತ್ತಲಿನ ಚೌಕಟ್ಟು ಗಟ್ಟಿಯಿದ್ದರೆ ಸಾಕು ಎಂದು ಲೆಕ್ಕದಿಂದ ತೋರಿಸಿದರು. ಆಮೇಲೆ ವಿಮಾನದ ಮೈಯನ್ನು ಸುಕ್ಕಿಗೆ ಅವಕಾಶ ಬಿಟ್ಟೇ ತೆಳ್ಳಗೆ ಮಾಡತೊಡಗಿದರು. ಹೊರೆ ಇಳಿದ ಮೇಲೆ ಮಾಯವಾಗುವ ಸುಕ್ಕನ್ನು ಲೆಕ್ಕದಲ್ಲಿ ಸೇರಿಸಿಕೊಂಡಿರುತ್ತಾರೆ. ನೆಲಕ್ಕಿಳಿದು ನಿಂತ ಮೇಲೂ ಉಳಿದ ಸುಕ್ಕು ಕಂಡರೆ ತಗಡು ತನ್ನ ಮಿತಿ ದಾಟಿದೆ ಎಂದರ್ಥ. ಆ ವಿಮಾನ ತಪಾಸಣೆ ಮುಗಿಯುವವರೆಗೆ ಮತ್ತೆ ಏಳುವಂತಿಲ್ಲ.